ಕಪ್ಪಾಗಿ ಬಂದ ಕುಂಕುಮ

"ಈ ಸೀರೆ ಕೆಂಪಲ್ಲ ಸಾಹೇಬ್ರೆ. ನಾನು ಇದಕ್ಕೆ ಕೆಂಪು ಹಚ್ಚಲ್ಲ."

ಚಂದ್ರಕ್ಕ ಹತ್ತಿ ಸುತ್ತಿದ ಕಡ್ಡಿಯನ್ನು ಬಣ್ಣದ ಬಟ್ಟಲಿಗೆ ಒರಗಿಸಿಟ್ಟಳು.

ಸಬ್ ಇನ್ಸ್‌ಪೆಕ್ಟರ್ ಯತ್ತಪ್ಪ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಚಿತ್ರದುರ್ಗದ ದೊಡ್ಡಪೇಟೆಯ ಆ ಸ್ಟುಡಿಯೋದ ಹಿಂಕೋಣೆಗೆ ಗಾಜಿನ ಹೆಂಚಿನಿಂದ ಬೆಳಗಿನ ಬಿಸಿಲು ಸೋಸಿಕೊಂಡು ಇಳಿಯುತ್ತಿತ್ತು. ಟರ್ಪೆಂಟೈನ್ ವಾಸನೆಗೆ ಅವನ ತಲೆ ಹಗುರವಾಗಿತ್ತು. ಮೇಜಿನ ಮೇಲಿನ ಫೋಟೋವನ್ನು ಅವನು ಅರೆನಿದ್ದೆಯಲ್ಲಿರುವವನಂತೆ ನೋಡಿದ.

ಕಪ್ಪು ಬಿಳುಪಿನಲ್ಲಿ ಇಪ್ಪತ್ತೆರಡು ವರ್ಷದ ಬರಗೇರಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಅವಳ ಹಿಂದೆ ಪರದೆಯ ಮೇಲೆ ಬರೆದ ಕೊಳ, ಕೊಳದಾಚೆ ಮಂಜು ಕವಿದ ಗುಡ್ಡ. ಮೂರು ವಾರದ ಹಿಂದೆ ಮಾರಿಕಣಿವೆ ಅಣೆಕಟ್ಟಿನ ನೀರಿನಲ್ಲಿ ಸಿಕ್ಕ, ಮುಖ ಗುರುತು ಸಿಗದ ಹೆಣ ಇವಳದೇ ಎಂದು ಬರೆದು, ಮಣ್ಣು ಮಾಡಿ, ಯತ್ತಪ್ಪ ಫೈಲು ಮುಚ್ಚುವುದರಲ್ಲಿದ್ದ. ನಿನ್ನೆ ಸಂಜೆ ಚಂದ್ರಕ್ಕ ಹೇಳಿಕಳಿಸಿದ್ದಳು: ಹೆಣದ ಮೇಲಿದ್ದ ಸೀರೆಯ ತುಂಡು ಇದ್ದರೆ ತಗೊಂಡು ಬರ್ರಿ.

ಚಂದ್ರಕ್ಕನಿಗೆ ಮೂವತ್ತಾರು. ಹದಿಮೂರು ವರ್ಷದಿಂದ ಫೋಟೋಗಳಿಗೆ ಬಣ್ಣ ಹಚ್ಚುವುದೇ ಅವಳ ಕೆಲಸ. ಮುಖಕ್ಕೆ ಬಣ್ಣ ಹಚ್ಚುವವರು ಊರಲ್ಲಿ ಇನ್ನೂ ಇದ್ದರು. ಬಟ್ಟೆಗೆ ಹಚ್ಚಿಸುವುದಾದರೆ ಭರಮಸಾಗರದಿಂದಲೂ ಜನ ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಅವಳು ಹಚ್ಚಿದ ಸೀರೆಯ ನೆರಿಗೆ ಬೆರಳಿಗೆ ಸಿಗುವಂತಿರುತ್ತಿತ್ತು.

"ಫೋಟೋ ತಂದೋರು ಇವಳ ಅಪ್ಪ," ಎಂದಳು ಅವಳು. "ದೊಡ್ಡದು ಮಾಡಿಸಿ, ಗೋಡೆಗೆ ಹಾಕ್ತೀನಿ, ಬಣ್ಣ ಹಚ್ಚಿಕೊಡವ್ವ ಅಂದ್ರು. ಸೀರೆ ಯಾವ ಬಣ್ಣ ಅಂತ ಕೇಳಿದೆ. ಕೆಂಪು ಅಂತ ನಮ್ಮ ಅಳಿಯ ಹೇಳ್ಯಾನೆ ಅಂದ್ರು."

"ಸರಿಯಾಗೇ ಐತಲ್ಲ. ಹೆಣದ ಮೈಮೇಲೆ ಕೆಂಪು ಸೀರೆ ಇತ್ತು. ಗಂಡ ಪಾಲಯ್ಯ ಇದೇ ಫೋಟೋ ತಂದು ತೋರಿಸಿದ. ದೊಡ್ಡಂಚು ನೋಡ್ರಿ, ಅದೇ ಸೀರೆ ಅಂದ. ನಾನೇ ಬರ್ಕಂಡೆ."

"ಅವಳ ಹಣೆ ನೋಡ್ರಿ."

ಯತ್ತಪ್ಪ ಬಗ್ಗಿದ. ಹಣೆಯ ಕುಂಕುಮ ಶಾಯಿ ಬೊಟ್ಟಿನಂತೆ ಕಪ್ಪಗಿತ್ತು.

"ಕುಂಕುಮ ಕೆಂಪು. ಫೋಟೋದಾಗೆ ಕಪ್ಪಾಗೈತೆ. ತುಟಿನೂ ಕಪ್ಪಾಗೈತೆ. ಸೀರೆನೂ ಕೆಂಪೇ ಆಗಿದ್ರೆ ಅದೂ ಕಪ್ಪಾಗಬೇಕಿತ್ತು. ಇದು ಹೆಂಗೈತೆ ನೋಡ್ರಿ."

ಸೀರೆ ಹಾಲಿಗೆ ಒಂದು ಚಿಟಿಕೆ ಬೂದಿ ಬೆರೆಸಿದಷ್ಟು ತಿಳಿಯಾಗಿತ್ತು.

ಕತ್ತಲೆಕೋಣೆಯ ಪರದೆ ಸರಿಸಿ ಸ್ಟುಡಿಯೋದ ಒಡೆಯ ತಿಪ್ಪಯ್ಯ ಹೊರಬಂದ. ಫೋಟೋ ತೆಗೆದವನು ಅವನೇ, ಹೋದ ವರ್ಷದ ಯುಗಾದಿಯಲ್ಲಿ. "ಸೀರೆ ಬಣ್ಣ ನನಗೆ ನೆನಪಿಲ್ಲ ಸಾಹೇಬ್ರೆ," ಎಂದ. "ಯುಗಾದಿ ದಿನ ಎಪ್ಪತ್ತು ಜನ ಬಂದಿರ್ತಾರೆ. ಕ್ಯಾಮರಾದ ಗಾಜಿನಾಗೆ ಎಲ್ಲರೂ ತಲೆಕೆಳಗಾಗಿ ಕಾಣ್ತಾರೆ. ಆದ್ರೆ ಚಂದ್ರಕ್ಕ ಹೇಳೋದು ಖರೆ. ನಾನು ಇನ್ನೂ ಹಳೇ ನಮೂನೆ ಫಿಲಂ ಬಳಸ್ತೀನಿ. ಅದಕ್ಕೆ ಕೆಂಪು ಕಾಣಲ್ಲ, ಕಪ್ಪಾಗೇ ಬರ್ತೈತೆ. ಅದಕ್ಕೇ ಕೆಂಪು ದೀಪ ಹಚ್ಕಂಡು ತೊಳೀಬಹುದು."

ಯತ್ತಪ್ಪ ಜೇಬಿನಿಂದ ಲಕೋಟೆ ತೆಗೆದ. ಅಂಗೈಯಗಲದ ಕೆಂಪು ತುಂಡು, ಹೆಣದ ಸೆರಗಿನಿಂದ ಕತ್ತರಿಸಿದ್ದು.

ಚಂದ್ರಕ್ಕ ಅದನ್ನು ಬಿಸಿಲಿಗೆ ಹಿಡಿದಳು. ಮಡಿಸಿದಳು, ಬಿಟ್ಟಳು. ಮಡಿಕೆ ನಿಲ್ಲದೆ ಜಾರಿತು.

"ಇದು ನೈಲಾನು. ಇದರ ಮಡಿಕೆ ಮ್ಯಾಲೆ ಬೆಳಕು ಬಿದ್ರೆ ಸಣ್ಣ ಗೆರೆ ಮಿಂಚ್ತೈತೆ. ಗೆರೆ ಪಕ್ಕದಾಗೇ ನೆರಳು. ಫೋಟೋದಾಗೆ ನೋಡ್ರಿ, ಬೆಳಕು ಮೆಲ್ಲಗೆ ಹರಡಿ ಮೆಲ್ಲಗೆ ಕಪ್ಪಾಗೈತೆ. ನೆರಿಗೆ ದಪ್ಪಗೆ ಕುಂತೈತೆ. ಇದು ಮಗ್ಗದ ನೂಲಿನ ಸೀರೆ. ಬಣ್ಣನೂ ಬ್ಯಾರೆ, ಬಟ್ಟೆನೂ ಬ್ಯಾರೆ."

ಯತ್ತಪ್ಪ ತುಂಡನ್ನು ತೆಗೆದುಕೊಂಡು ಫೋಟೋದ ಪಕ್ಕ ಹಿಡಿದು ನೋಡಿದ. ಒಪ್ಪಿಕೊಂಡರೆ, ತನ್ನ ಸಹಿ ಬಿದ್ದ ಕಾಗದ ಸುಳ್ಳಾಗುತ್ತಿತ್ತು.

"ಮಾತಲ್ಲಿ ಹೇಳಿದ್ರೆ ಕೋರ್ಟು ಕೇಳಲ್ಲ," ಎಂದ ಕೊನೆಗೆ. "ತೋರಿಸ್ರಿ."

ತಿಪ್ಪಯ್ಯ ಆ ತುಂಡನ್ನು ಕೊಳದ ಪರದೆಗೆ ಗುಂಡುಸೂಜಿಯಿಂದ ಸಿಕ್ಕಿಸಿ, ಅದೇ ಕ್ಯಾಮರಾದಿಂದ, ಅದೇ ಬಗೆಯ ಫಿಲಮಿನಲ್ಲಿ ಫೋಟೋ ತೆಗೆದ. ಮೂವರೂ ಕತ್ತಲೆಕೋಣೆಗೆ ಹೋದರು.

ಒಳಗೆ ಒಂದೇ ಒಂದು ಕೆಂಪು ದೀಪ. ಆ ಬೆಳಕಿನಲ್ಲಿ, ಯತ್ತಪ್ಪ ಪರದೆಯಿಂದ ಬಿಡಿಸಿ ತಂದಿದ್ದ ಕೆಂಪು ತುಂಡು ಬಿಳಿಚಿಕೊಂಡಿತು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಸತ್ತವಳ ಸೀರೆ ತನ್ನ ಬಣ್ಣವನ್ನೇ ಮರೆತಂತಿತ್ತು. ತಟ್ಟೆಯಲ್ಲಿ ಮದ್ದಿನ ನೀರು ಅಲುಗುತ್ತಿತ್ತು. ತಿಪ್ಪಯ್ಯ ನೆಗೆಟಿವ್ ತೊಳೆದು, ಕಾಗದಕ್ಕೆ ಇಳಿಸಿ, ಆ ಕಾಗದವನ್ನು ನೀರಿಗೆ ಬಿಟ್ಟ. ಮೊದಲು ಪರದೆಯ ಕೊಳ ಮೂಡಿತು. ಆಮೇಲೆ ಗುಡ್ಡ. ಅವೆರಡರ ನಡುವೆ, ಚೌಕಾಕಾರದಲ್ಲಿ, ಒಂದು ಕಪ್ಪು ನಿಧಾನವಾಗಿ ಗಟ್ಟಿಯಾಗುತ್ತ ಬಂತು.

ಇದ್ದಿಲಿನಷ್ಟು ಕಪ್ಪು.

"ಹೆಣ ಅವಳದಲ್ಲ," ಎಂದ ಯತ್ತಪ್ಪ.

"ಅದು ನನಗೆ ಗೊತ್ತಿಲ್ಲ," ಎಂದಳು ಚಂದ್ರಕ್ಕ. "ಸೀರೆ ಅವಳದಲ್ಲ. ಇದೇ ಸೀರೆ ಅಂದ ಗಂಡ ಏನು ಕೆಲಸ ಮಾಡ್ತಾನೆ?"

"ಹೊಳಲ್ಕೆರೆಯಾಗೆ ಟೈಲರು."

ಅವಳು ಕೆಂಪು ದೀಪದ ಬೆಳಕಿನಲ್ಲಿ ಅವನ ಕಡೆ ತಿರುಗಿದಳು. "ಟೈಲರಿಗೆ ನೂಲು ಯಾವುದು, ನೈಲಾನು ಯಾವುದು ಗೊತ್ತಾಗಲಿಲ್ಲ ಅಂದ್ರೆ ನಾನು ನಂಬಲ್ಲ."

ಮುಂದಿನ ಕೋಣೆಯ ಬೆಂಚಿನ ಮೇಲೆ ಬರಗೇರಮ್ಮನ ಅಪ್ಪ ಓಬಣ್ಣ ಕಂಬಳಿ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. ಹೊಸದುರ್ಗದ ಕಡೆಯ ಮತ್ತೋಡಿನಲ್ಲಿ ಅವನಿಗೆ ಕುರಿಮಂದೆಯಿತ್ತು. ಮಗಳ ಫೋಟೋ ಇವತ್ತು ಸಿಗುತ್ತದೆಂದು ಮೊದಲ ಬಸ್ಸಿಗೇ ಬಂದಿದ್ದ.

"ಯಜಮಾನ್ರೆ, ಮಗಳ ಈ ಸೀರೆ ನೀವು ಕಣ್ಣಾರೆ ನೋಡಿದ್ರಾ?" ಎಂದು ಚಂದ್ರಕ್ಕ ಕೇಳಿದಳು.

"ಇಲ್ಲವ್ವ. ಮದುವೆ ಆದ ಮ್ಯಾಲೆ ಎರಡು ಸಲ ಬಂದಿದ್ಲು. ಬಂದಾಗ ಮಗಳ ಮುಖ ನೋಡ್ತಿದ್ದೆ. ಸೀರೆ ಯಾರು ನೋಡ್ತಾರೆ?" ಅವನು ಕಂಬಳಿಯ ಅಂಚನ್ನು ಸವರಿದ. "ಮಣ್ಣು ಹಾಕೋವಾಗ ಮುಖಾನೂ ನೋಡಕ್ಕಾಗಲಿಲ್ಲ. ಮುಚ್ಚಿದ್ರು."

ಯತ್ತಪ್ಪ ಅವನ ಪಕ್ಕದಲ್ಲಿ ಕುಳಿತ. "ಓಬಣ್ಣ, ಹೊಳಲ್ಕೆರೆಗೆ ಹೋಗಾಣ ಬರ್ರಿ. ನಿಮ್ಮ ಅಳಿಯನ್ನ ಒಂದು ಮಾತು ಕೇಳೋದೈತೆ. ಚಂದ್ರಕ್ಕ, ನೀವೂ ಬರಬೇಕು."

ಹೊರಡುವ ಮುಂಚೆ ಚಂದ್ರಕ್ಕ ಮೇಜಿಗೆ ಹೋಗಿ ಕಾಲು ಗಂಟೆ ಕೂತಳು. ಫೋಟೋದ ಸೀರೆಗೆ ಹತ್ತಿಯಿಂದ ತಿಳಿ ಹಳದಿ ಹಚ್ಚಿದಳು. ನೆರಿಗೆಯ ಒಳಗೆ ಗಾಢ, ಉಬ್ಬಿನ ಮೇಲೆ ತೆಳು, ಮೊಣಕಾಲಿನ ಹತ್ತಿರ ಬೆಳಕು ಬಿದ್ದ ಕಡೆ ಒರೆಸಿ ಬಿಟ್ಟಳು.

"ಹಳದಿ ಅಂತ ಹೆಂಗೆ ಗೊತ್ತಾಯ್ತು?" ಎಂದು ಯತ್ತಪ್ಪ ಕೇಳಿದ.

"ಹಳದಿ ಅಲ್ಲವೇ ಅಲ್ಲ. ಹಳದಿ ಈ ಫಿಲಮಿನಾಗೆ ಇಷ್ಟು ತಿಳಿಯಾಗಿ ಬರಲ್ಲ. ಬೇಕಂತಲೇ ತಪ್ಪು ಹಚ್ಚೀನಿ. ಕೇಳಿದ್ರೆ ಅವನು ಕೆಂಪು ಅಂತಾನೆ. ತಪ್ಪು ಬಣ್ಣ ತೋರಿಸಿದ್ರೆ ಬಟ್ಟೆ ಬಲ್ಲ ಕಣ್ಣು ತಾನಾಗೇ ಸರಿ ಮಾಡ್ತೈತೆ."

ಜೀಪು ದುರ್ಗದ ಕಲ್ಲುಗುಡ್ಡಗಳನ್ನು ಹಿಂದೆ ಬಿಟ್ಟು ಹೊಳಲ್ಕೆರೆಯ ರಸ್ತೆ ಹಿಡಿಯಿತು. ಮಾಘದ ಬಿಸಿಲು ತೆಳ್ಳಗಿತ್ತು. ಹೊಲಗಳ ಮೇಲೆ ಧೂಳು ಬಂಗಾರದ ಹೊಗೆಯಂತೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಚಂದ್ರಕ್ಕ ಹಸಿ ಬಣ್ಣದ ಫೋಟೋವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಓಬಣ್ಣ ಅದನ್ನೇ ನೋಡುತ್ತಿದ್ದ. ಜೀಪು ಕುಲುಕಿದಾಗಲೆಲ್ಲ ಹಳದಿ ಸೀರೆ ಉಸಿರಾಡಿದ ಹಾಗೆ ಕಾಣುತ್ತಿತ್ತು. ಅವನು ಏನೂ ಕೇಳಲಿಲ್ಲ. ಕೇಳಿದರೆ ಏನೋ ಒಡೆದು ಹೋಗುತ್ತದೆಂದು ಹೆದರಿದವನ ಹಾಗಿದ್ದ.

ಪಾಲಯ್ಯನ ಅಂಗಡಿ ಹೊಳಲ್ಕೆರೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಊಟದ ಹೊತ್ತು. ಓಣಿಯಲ್ಲಿ ಜನವಿರಲಿಲ್ಲ. ಅವನು ಹೊಲಿಗೆ ಯಂತ್ರದ ಮುಂದೆ ಕುಳಿತು, ಪೆಡಲಿನ ಮೇಲೆ ಕಾಲಿಟ್ಟುಕೊಂಡು, ಹೊಲಿಯದೆ ಸುಮ್ಮನೆ ಇದ್ದ. ಮೂವತ್ತು ವರ್ಷದ ಸಣಕಲು ಮನುಷ್ಯ. ಮಾವನನ್ನು ನೋಡಿ ಎದ್ದ. ಪೊಲೀಸನನ್ನು ನೋಡಿ ಮತ್ತೆ ಕುಳಿತ.

"ಬರ್ರಿ ಮಾವ, ಕುಂತ್ಕಳ್ರಿ. ಸಾಹೇಬ್ರೆ, ಕಾಫಿ ತರಿಸ್ತೀನಿ."

"ಬ್ಯಾಡ. ಫೋಟೋಕ್ಕೆ ಬಣ್ಣ ಹಚ್ಚಿಸೀವಿ. ಸರಿಯಾಗೈತಾ ನೋಡಪ್ಪ."

ಚಂದ್ರಕ್ಕ ಫೋಟೋವನ್ನು ಯಂತ್ರದ ಹಲಗೆಯ ಮೇಲೆ, ಕತ್ತರಿ ಮತ್ತು ಸೀಮೆಸುಣ್ಣದ ನಡುವೆ ಇಟ್ಟಳು.

ಪಾಲಯ್ಯ ನೋಡಿದ. ಮೊದಲು ಹೆಂಡತಿಯ ಮುಖ. ಅಲ್ಲಿಂದ ಅವನ ಕಣ್ಣು ಭುಜಕ್ಕೆ, ಸೆರಗಿಗೆ, ನೆರಿಗೆಗೆ ಇಳಿಯಿತು. ಅಲ್ಲಿ ನಿಂತಿತು. ಅವನ ಬೆರಳು ಮುಂದೆ ಬಂದು ಅಂಚಿನ ಉದ್ದಕ್ಕೂ, ಬಣ್ಣಕ್ಕೆ ತಾಗದಂತೆ, ಗಾಳಿಯಲ್ಲೇ ಸಾಗಿತು. ಓಣಿಯಾಚೆ ಎಲ್ಲೋ ಒಂದು ಬಸ್ಸು ಹಾರ್ನ್ ಮಾಡಿ ಹೋಯಿತು. ಅವನಿಗೆ ಕೇಳಿಸಿದಂತೆ ಕಾಣಲಿಲ್ಲ.

"ನೀಲಿ," ಎಂದ ಅವನು ಮೆಲ್ಲಗೆ. "ಹಳದಿ ಅಲ್ಲ. ತಿಳಿನೀಲಿ ಇತ್ತು. ಅಂಚು ಮಾತ್ರ..."

ಅಲ್ಲಿಗೆ ನಿಲ್ಲಿಸಿದ.

ಯತ್ತಪ್ಪ ಕೆಂಪು ತುಂಡನ್ನು ಫೋಟೋದ ಪಕ್ಕದಲ್ಲಿಟ್ಟ. "ನಮ್ಮ ಮುಂದೆ ಕೆಂಪು ಅಂದಿದ್ದೆ."

"ತಪ್ಪಿ ಹೇಳಿರಬೇಕು ಸಾಹೇಬ್ರೆ. ತಲೆ ಸರಿ ಇರಲಿಲ್ಲ."

"ಯಾವಾಗ ಸರಿ ಇರಲಿಲ್ಲ? ಆವತ್ತೋ, ಈಗಲೋ?"

ಪಾಲಯ್ಯ ಯಂತ್ರದ ಚಕ್ರ ಹಿಡಿದುಕೊಂಡ.

"ಈ ಕೆಂಪು ಬಟ್ಟೆ ನಿಮ್ಮ ಕೈಗೆ ಕೊಟ್ರೆ ಕಣ್ಣು ಮುಚ್ಚಿ ನೈಲಾನು ಅಂತೀರಿ," ಎಂದಳು ಚಂದ್ರಕ್ಕ. "ನೀವು ತಂದುಕೊಟ್ಟದ್ದು ನೂಲಿನ ಸೀರೆ. ಅಲ್ವಾ?"

"ನಾನು ತಂದುಕೊಟ್ಟ ಮೊದಲ್ನೇ ಸೀರೆ," ಎಂದ ಅವನು. ಆಮೇಲೆ ಮಾವನ ಕಡೆ ತಿರುಗಿದ. ಮುಖ ನೋಡಲಿಲ್ಲ, ಕಾಲು ನೋಡಿದ. "ಅವಳು ಹೋದ್ಲು ಮಾವ. ತಾನಾಗೇ ಹೋದ್ಲು. ಮಿಲ್ಲಿನಾಗೆ ಕೆಲಸ ಮಾಡ್ತೀನಿ, ನಾಲ್ಕು ಜನ ನೋಡ್ತೀನಿ ಅಂದ್ಲು. ನಾನು ಬ್ಯಾಡ ಅಂದೆ. ಎರಡು ದಿನ ಹೊರಗಿಂದ ಚಿಲಕ ಹಾಕಿದ್ದೆ. ಮೂರನೇ ದಿನ ಚಿಲಕ ತೆಗೆದೆ. ಆ ನೀಲಿ ಸೀರೆ ಉಟ್ಕಂಡು, ನನ್ನ ಮುಂದೇನೇ ನಡಕಂಡು ಹೋಗಿ ಹೊಸದುರ್ಗದ ಬಸ್ಸು ಹತ್ತಿದ್ಲು. ಕರೆಯೋಕೂ ನನಗೆ ಬಾಯಿ ಬರಲಿಲ್ಲ."

"ಆಮೇಲೆ?" ಎಂದ ಯತ್ತಪ್ಪ.

"ವಾರ ಕಾದೆ. ಹುಡುಕಿಕೊಡ್ರಿ ಅಂತ ಕೇಳೋಕೇ ನಿಮ್ಮ ಹತ್ರ ಬಂದಿದ್ದು. ನೀವು ಹೆಣ ತೋರಿಸಿದ್ರಿ. ಹೌದಾ ಅಲ್ವಾ ಅಂತ ಕೇಳಿದ್ರಿ." ಅವನು ಕತ್ತರಿಯನ್ನು ಪಕ್ಕಕ್ಕೆ ಸರಿಸಿದ. "ಹೆಂಡ್ತಿ ಸತ್ತೋನ ಹತ್ರ ಜನ ಬಟ್ಟೆ ಹೊಲಿಸ್ತಾರೆ ಸಾಹೇಬ್ರೆ. ಬಿಟ್ಟು ಹೋದೋಳ ಗಂಡನ್ನ ನೋಡಿ ನಗ್ತಾರೆ. ಹೌದು ಅಂದ್ಬಿಟ್ಟೆ. ಅಂದ ಮ್ಯಾಲೆ ಹಿಂದಕ್ಕೆ ತಗಳಕ್ಕೆ ಆಗಲಿಲ್ಲ."

ಓಬಣ್ಣ ಹೊಡೆಯುತ್ತಾನೆಂದು ಯತ್ತಪ್ಪ ಮುಂದೆ ಬಂದ. ಆದರೆ ಓಬಣ್ಣ ಕದಲಲಿಲ್ಲ.

"ಮೂರು ವಾರ ನಾನು ಊಟ ಮಾಡಿಲ್ಲ ಪಾಲಯ್ಯ," ಎಂದ. "ಅದು ಹೋಗ್ಲಿ. ಹಂಗಾದ್ರೆ ನಾನು ಮಣ್ಣು ಹಾಕಿದ್ದು ಯಾರ ಮಗಳಿಗೆ?"

ಚಂದ್ರಕ್ಕ ಚೀಲದಿಂದ ಹತ್ತಿ, ಬಣ್ಣ, ಟರ್ಪೆಂಟೈನ್ ಸೀಸೆ ತೆಗೆದಳು. ಅಲ್ಲೇ ನಿಂತು ಹಳದಿಯನ್ನು ಪೂರ್ತಿ ಒರೆಸಿದಳು. ಬರಗೇರಮ್ಮ ಮತ್ತೆ ಬಣ್ಣವಿಲ್ಲದವಳಾದಳು. ಆಮೇಲೆ ನೀಲಿ ಹಚ್ಚುತ್ತ ಹೋದಳು, ಮೊದಲು ನೆರಿಗೆಯ ಆಳಕ್ಕೆ, ಆಮೇಲೆ ಅಂಚಿನ ಕಡೆಗೆ.

"ಅಂಚು?" ಎಂದು ಕೇಳಿದಳು.

"ಬಿಳಿ," ಎಂದ ಪಾಲಯ್ಯ. "ಬೆಳ್ಳಿ ಎಳೆ ಇತ್ತು."

ಅವನನ್ನು ಊರಿನ ಠಾಣೆಗೆ ಒಪ್ಪಿಸಿ ಅವರು ಹೊಸದುರ್ಗಕ್ಕೆ ಹೊರಟರು.

ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಂಜೆಯ ಬಿಸಿಲು ಉದ್ದಕ್ಕೆ ಬಿದ್ದಿತ್ತು. ಯತ್ತಪ್ಪ ಹೋಟೆಲಿನವನಿಗೆ, ಟಿಕೆಟಿನವನಿಗೆ, ಬೀಡಾ ಅಂಗಡಿಯವನಿಗೆ ಫೋಟೋ ತೋರಿಸಿದ. ಮುಖ ನೋಡಿದವರೆಲ್ಲ ಇಲ್ಲವೆಂದು ತಲೆಯಾಡಿಸಿದರು. ತಿಂಗಳಾಗಿ ಹೋಗಿತ್ತು. ಕೊನೆಗೆ ಹೂ ಮಾರುವ ಹುಚ್ಚಕ್ಕ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದುಕೊಂಡಳು.

"ಈ ಯಮ್ಮನ ಮುಖ ಗೊತ್ತಿಲ್ಲಪ್ಪ. ಸೀರೆ ಗೊತ್ತೈತೆ. ನೀಲಿ ಸೀರೆಗೆ ಕನಕಾಂಬರ ಚೆಂದ ಒಪ್ತೈತೆ ಅಂತ ನಾನೇ ಒಂದು ಮೊಳ ಕಟ್ಟಿಕೊಟ್ಟೆ."

"ಒಬ್ಬಳೇ ಇದ್ಲಾ?"

"ಇಬ್ರು. ಇನ್ನೊಬ್ಬಳು ಇಲ್ಲೇ ಕಾಯ್ತಿದ್ಲು. ಕೆಂಪನೇ ನೈಲಾನು ಸೀರೆ, ಸೆರಗು ಹೆಗಲ ಮ್ಯಾಲೆ ನಿಲ್ತಿರಲಿಲ್ಲ, ಎಳ್ಕಂತಾನೇ ಇದ್ಲು. ಇವಳು ಅವಳನ್ನ ನಿಂಗಕ್ಕ ನಿಂಗಕ್ಕ ಅಂತಿದ್ಲು. ಹಿರಿಯೂರು ಬಸ್ಸಿಗೆ ಹೋದ್ರು. ಹತ್ತಿ ಮಿಲ್ಲು ಎಲ್ಲೈತೆ ಅಂತ ಕಂಡಕ್ಟರನ್ನ ಕೇಳ್ತಿದ್ರು."

ಓಬಣ್ಣ ಕಂಬಳಿಯನ್ನು ಬಿಗಿಯಾಗಿ ಹಿಡಿದುಕೊಂಡ. "ನಿಂಗಕ್ಕ ನಮ್ಮೂರೋಳು," ಎಂದ. "ಅಪ್ಪ ಅವ್ವ ಇಲ್ಲ. ನನ್ನ ಮಗಳ ಜತೇಲೇ ಬೆಳೆದೋಳು."

ಅವಳನ್ನು ಹುಡುಕಿಕೊಂಡು ಯಾರೂ ಠಾಣೆಗೆ ಬಂದಿರಲಿಲ್ಲ. ಆ ಮಾತನ್ನು ಯತ್ತಪ್ಪ ಹೊರಗೆ ಹೇಳಲಿಲ್ಲ.

ಮಿಲ್ಲು ಮಿಲ್ಲು ವಿಚಾರಿಸಿಕೊಂಡು, ಮರುದಿನ ಬೆಳಗ್ಗೆ ಒಂಬತ್ತಕ್ಕೆ ಅವರು ಹಿರಿಯೂರಿನ ಹೊರಗಿದ್ದ ಒಂದು ಹತ್ತಿ ಮಿಲ್ಲಿನ ಹಿಂದಿನ ಸಾಲುಮನೆಗಳ ಮುಂದೆ ನಿಂತಿದ್ದರು. ಗಾಳಿಯಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಬೇಲಿಗೆ, ಹೆಂಚಿಗೆ, ತಂತಿಗೆ ಬಿಳಿ ನವಿರು ಹತ್ತಿಕೊಂಡು ಓಣಿಯೇ ಕನಸಿನಲ್ಲಿದ್ದಂತೆ ಕಾಣುತ್ತಿತ್ತು. ಆ ಬಿಳಿಯ ನಡುವೆ ಒಂದು ಬಾಗಿಲು ತೆರೆದು, ತಿಳಿನೀಲಿ ಸೀರೆ ಉಟ್ಟ ಹೆಂಗಸೊಬ್ಬಳು ಹೊರಬಂದು ಬೀಗ ಹಾಕತೊಡಗಿದಳು.

ಓಬಣ್ಣ ಜೀಪಿನಿಂದ ಇಳಿದವನು ಮುಂದೆ ಹೋಗಲಿಲ್ಲ.

"ಬರಗೇರಿ," ಎಂದ.

ಅವಳು ತಿರುಗಿದಳು. "ಅಪ್ಪ? ಯಾರು ಹೇಳಿದ್ರು ಇಲ್ಲಿದೀನಿ ಅಂತ? ಬೈಬ್ಯಾಡ. ನಾನೇ ಕಾಗದ ಬರೀಬೇಕು ಅಂತಿದ್ದೆ."

ಅವನು ಬೈಯಲಿಲ್ಲ. ಹತ್ತಿರ ಹೋಗಿ ಅವಳ ಕೈ ಹಿಡಿದು, ಅಂಗೈ ತಿರುಗಿಸಿ ನೋಡಿದ. ಮುಂಗೈ ನೋಡಿದ. ಕೆನ್ನೆ ಮುಟ್ಟಿದ. ಆಮೇಲೆ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ತಾನು ಸತ್ತಿದ್ದೇನೆಂಬುದು ಅವಳಿಗೆ ತಿಳಿದದ್ದು ಚಂದ್ರಕ್ಕನ ಬಾಯಿಂದ. ಕೇಳಿ ಅವಳು ಬಾಗಿಲಿಗೆ ಒರಗಿದಳು. ಗಂಡನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಯತ್ತಪ್ಪ ಲಕೋಟೆಯಿಂದ ಕೆಂಪು ತುಂಡು ತೆಗೆದ. "ಇದು ಯಾರ್ದು ಅಂತ ಹೇಳ್ತೀಯೇನಮ್ಮ?"

"ನಿಂಗಕ್ಕಂದು. ನಿಮ್ಮ ಹತ್ರ ಹೆಂಗೆ ಬಂತು?"

"ಅವಳು ಎಲ್ಲಿದಾಳೆ?"

"ಕಣಿವೆ ಕಡೆ. ಇಲ್ಲಿಗೆ ಬಂದು ಎರಡು ದಿನಕ್ಕೆ ಹೋದ್ಲು. ಯಾರೋ ಅವಳಿಗೆ ಮನೆಕೆಲಸ ಕೊಡ್ತೀನಿ, ಇರೋಕೆ ಜಾಗ ಕೊಡ್ತೀನಿ ಅಂದಿದ್ರಂತೆ. ಯಾರು ಅಂದ್ರೆ ನಗೋಳು, ಹೇಳ್ತಿರಲಿಲ್ಲ. ಬರೋವಾಗ ಬಸ್ಸಿನ ಕಿಟಕಿಯಿಂದ ಒಂದ್ಸಲ ತೋರಿಸಿದ್ಲು, ಅಗೋ ಅಲ್ಲಿ ಅಂತ. ಛತ್ರಿ ಅಡ್ಡ ಇತ್ತು. ನನಗೆ ಮುಖ ಕಾಣಲಿಲ್ಲ. ಅವರು ಮಾತ್ರ ಬಸ್ಸು ಹೋಗೋ ತನಕ ನನ್ನ ಕಡೆಗೇ ತಿರುಗಿ ನಿಂತಿದ್ರು."

"ಬರಗೇರಮ್ಮ," ಎಂದ ಯತ್ತಪ್ಪ, "ನಿಂಗಕ್ಕ ಬದುಕಿಲ್ಲ. ನಿಮ್ಮಪ್ಪ ಮಣ್ಣು ಹಾಕಿದ್ದು ಅವಳಿಗೆ. ಮೂರು ವಾರ ಆಯ್ತು."

ಅವಳು ಅವನನ್ನು ದಿಟ್ಟಿಸಿದಳು. ಅರ್ಥವಾಗದವಳಂತೆ ತಲೆಯಾಡಿಸಿದಳು. ಬೀಗ ತೆಗೆದು ಒಳಗೆ ಹೋಗಿ ಗೂಡಿನಿಂದ ಎರಡು ಕಾರ್ಡು ತಂದಳು.

"ಹಂಗಾದ್ರೆ ಇವನ್ನ ಬರೆದೋರು ಯಾರು?"

ಮೊದಲ ಕಾರ್ಡಿನಲ್ಲಿ ಎರಡೇ ಸಾಲು: ನಾನು ಸುಖವಾಗಿದ್ದೇನೆ, ಹುಡುಕಬೇಡ. ಅಂಚೆಯ ಮುದ್ರೆ ಹನ್ನೆರಡು ದಿನದ ಹಿಂದಿನದು. ಎರಡನೆಯದು ಮೊನ್ನೆ ಬಂದದ್ದು. ಯತ್ತಪ್ಪ ಗಟ್ಟಿಯಾಗಿ ಓದಿದ.

"ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಕಣಿವೆ ಕಟ್ಟೆಯ ಮೇಲಿನ ಮಂಟಪದ ಹತ್ತಿರ ಬಾ. ಒಬ್ಬಳೇ ಬಾ. ಆ ನೀಲಿ ಸೀರೆ ಉಟ್ಟುಕೊಂಡು ಬಾ, ಗುರುತು ಸಿಗುತ್ತದೆ. ನಿಂಗಕ್ಕ."

"ಅವಳಿಗೆ ಅಕ್ಷರ ಬರಲ್ಲ," ಎಂದಳು ಬರಗೇರಮ್ಮ. "ಯಾರ ಕೈಲೋ ಬರೆಸ್ತಾಳೆ ಅಂದ್ಕಂಡಿದ್ದೆ. ಇವತ್ತು ಅರ್ಧ ದಿನ ರಜೆ ಕೇಳಿದ್ದೆ. ಈಗ ಅಲ್ಲಿಗೇ ಹೊರಟಿದ್ದೆ."

"ಜತೇಲಿ ಬೆಳೆದೋಳಿಗೆ ನಿನ್ನ ಗುರುತು ಹಿಡಿಯೋಕೆ ಸೀರೆ ಯಾಕೆ ಬೇಕು?" ಎಂದಳು ಚಂದ್ರಕ್ಕ.

ಬರಗೇರಮ್ಮ ತನ್ನ ಸೆರಗನ್ನೇ ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

"ಬಸ್ಸಿನ ಕಿಟಕಿಯಾಗೆ ಸೀರೆ ಕಂಡೈತೆ, ಮುಖ ನೆನಪಿಲ್ಲ," ಎಂದು ಚಂದ್ರಕ್ಕ ಯತ್ತಪ್ಪನಿಗೆ ಹೇಳಿದಳು. "ಇವಳು ತನ್ನನ್ನ ನೋಡ್ಯಾಳೆ ಅಂತ ಆ ಮನುಷ್ಯನಿಗೆ ಭಯ. ನಾವು ಹೋಗದಿದ್ರೆ ಇನ್ನೊಂದು ದಿನ ಇಲ್ಲಿಗೇ ಬರ್ತಾನೆ. ಸೀರೆ ನನಗೆ ಕೊಡಮ್ಮ."

"ಆಗಲ್ಲ," ಎಂದ ಯತ್ತಪ್ಪ. "ನಿಮಗೇನಾದ್ರೂ ಆದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ?"

"ಈ ಜಿಲ್ಲೇಲಿ ನಿಮ್ಮ ಹತ್ರ ಹೆಂಗಸರ ಪೊಲೀಸು ಇದಾರಾ? ಇಲ್ವಲ್ಲ. ಹನ್ನೆರಡಕ್ಕೆ ಎಷ್ಟು ಹೊತ್ತೈತೆ? ಇವಳನ್ನಂತೂ ಕಳಿಸಕ್ಕಾಗಲ್ಲ. ನೀವು ದೂರದಾಗೆ ಇರ್ರಿ. ನಾನು ಬೆನ್ನು ಮಾಡಿ ನಿಂತಿರ್ತೀನಿ, ಅಷ್ಟೇ."

ಅವನು ಒಪ್ಪಿದನೆಂದು ಹೇಳಲಾಗದು. ಗಡಿಯಾರ ನೋಡಿದ, ಜೀಪಿನ ಕಡೆ ನಡೆದ. ಚಂದ್ರಕ್ಕ ಒಳಗೆ ಹೋಗಿ ಸೀರೆ ಉಟ್ಟು ಬಂದಳು. ಎರಡು ದಿನದಿಂದ ಕಾಗದದ ಮೇಲೆ ಕಂಡಿದ್ದ ನೆರಿಗೆಗಳು ಈಗ ಅವಳ ಕಾಲಿನ ಸುತ್ತ ತೂಕವಾಗಿ ಬೀಳುತ್ತಿದ್ದವು. ಬಟ್ಟೆ ಬಿಸಿಯಾಗಿತ್ತು.

ಮಾರಿಕಣಿವೆಯಲ್ಲಿ ಶುಕ್ರವಾರದ ಜನ ಕೆಳಗೆ ಮಾರಮ್ಮನ ಗುಡಿಯ ಹತ್ತಿರವೇ ನಿಂತಿದ್ದರು. ಅವರ ನಡುವೆ ಪಂಚೆ ಉಟ್ಟ ಯತ್ತಪ್ಪ ಒಂದು ತೆಂಗಿನಕಾಯಿ ಹಿಡಿದುಕೊಂಡು ಮೇಲಕ್ಕೇ ನೋಡುತ್ತಿದ್ದ. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಚಂದ್ರಕ್ಕ ಸೆರಗು ತಲೆಗೆ ಹೊದ್ದು ನಿಧಾನವಾಗಿ ನಡೆದಳು. ಎರಡು ಗುಡ್ಡಗಳ ನಡುವೆ ನೀರು ಅಲುಗದೆ ಮಲಗಿತ್ತು. ನಡುಹಗಲಿನಲ್ಲಿ ಆಕಾಶ ಎಲ್ಲಿ ಮುಗಿಯುತ್ತದೆ, ನೀರು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಆ ನೀಲಿಗೆ ಎಷ್ಟು ಟರ್ಪೆಂಟೈನ್ ಬೆರೆಸಬೇಕೆಂದು ಅವಳ ಕೈ ತಾನಾಗಿಯೇ ಲೆಕ್ಕ ಹಾಕಿತು. ಇಲ್ಲಿ ಹೆದರಬೇಕೆನ್ನುವುದೇ ಅವಳಿಗೆ ಮರೆತಂತಾಯಿತು.

ಮಂಟಪದ ಹತ್ತಿರ ನಿಂತು, ನೀರಿನ ಕಡೆ ಮುಖ ಮಾಡಿದಳು. ಕಟ್ಟೆಯ ದಾರಿಗೆ ಬೆನ್ನು.

ಹನ್ನೆರಡಾಗಿರಬೇಕು. ನೆರಳು ಕಾಲಡಿಗೆ ಸೇರಿಕೊಂಡಿತ್ತು. ಬಂದರೆ ಗಂಡಸಿನ ಚಪ್ಪಲಿಯ ಸದ್ದು ಕೇಳುತ್ತದೆಂದು ಅವಳು ಕಿವಿಗೊಟ್ಟಿದ್ದಳು. ಯತ್ತಪ್ಪನೂ ಗಂಡಸಿಗಾಗಿಯೇ ಕಾಯುತ್ತಿದ್ದ. ಸದ್ದು ಬಂತು. ಅದು ಚಪ್ಪಲಿಯದಲ್ಲ, ಕಾಲುಂಗುರದ್ದು. ಕಲ್ಲಿನ ಮೇಲೆ ಮೆಲ್ಲಗೆ, ಆತುರವಿಲ್ಲದೆ ಬಂದು, ಅವಳ ಹಿಂದೆ ಒಂದು ಹೆಜ್ಜೆ ದೂರದಲ್ಲಿ ನಿಂತಿತು. ಬಿಚ್ಚಿದ ಛತ್ರಿಯ ನೆರಳು ಅವಳ ನೆರಳಿನ ಪಕ್ಕಕ್ಕೆ ಬಂತು. ಬರಗೇರಮ್ಮ ಬಸ್ಸಿನಿಂದ ಕಂಡ ಛತ್ರಿ.

ಚಂದ್ರಕ್ಕ ತಿರುಗಲಿಲ್ಲ. ಮುಖ ಕಾಣಿಸಬಾರದೆಂದು ಸೆರಗನ್ನು ಇನ್ನಷ್ಟು ಎಳೆದುಕೊಂಡಳು.

ಹಿಂದಿನಿಂದ ಬಂದ ದನಿ ಹೆಂಗಸಿನದು, ಮೆತ್ತಗಿನದು. ಆ ದನಿಯನ್ನು ಅವಳು ಎಂದೂ ಕೇಳಿರಲಿಲ್ಲ.

"ಆ ಬಣ್ಣ ನಿನಗೆ ಒಪ್ಪಲ್ಲ ಚಂದ್ರಕ್ಕ."